ನಂಬಿದ ಸಾಕ್ಷಿ, ನಿಲ್ಲದ ತೀರ್ಪು: ಪೆಲ್ ಪ್ರಕರಣದ ಮೇಲ್ಮನವಿಯ ಒಂದು ಅಧ್ಯಯನ

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಮೇಲ್ಮನವಿ ನ್ಯಾಯಾಲಯದ ಎದುರು ಬರುವ ಸಾಕ್ಷ್ಯ ಬಹಳ ಸಲ ಒಬ್ಬರ ಮಾತಿನ ಮೇಲೆಯೇ ನಿಂತಿರುತ್ತದೆ. ಕೃತ್ಯ ಮುಚ್ಚಿದ ಬಾಗಿಲ ಹಿಂದೆ ನಡೆದಿರುತ್ತದೆ, ದೂರು ವರ್ಷಗಳ ನಂತರ ಬಂದಿರುತ್ತದೆ, ವೈದ್ಯಕೀಯ ಪುರಾವೆ ಇರುವುದಿಲ್ಲ. ಹೀಗಾಗಿ ವಾದವೆಲ್ಲ ಕೊನೆಗೆ ‘ಈ ಒಬ್ಬರನ್ನು ನಂಬಬಹುದೇ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆಸ್ಟ್ರೇಲಿಯದ ಕಾರ್ಡಿನಲ್ ಜಾರ್ಜ್ ಪೆಲ್ ಅವರ ಪ್ರಕರಣವನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣ, ಆ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಸಿಕ್ಕ ಮೇಲೂ ಅಲ್ಲಿ ಶಿಕ್ಷೆ ಉಳಿಯಲಿಲ್ಲ ಎಂಬುದು. ಜ್ಯೂರಿ, ಅಂದರೆ ಸಾಮಾನ್ಯ ಜನರಿಂದ ಆಯ್ದ ಹನ್ನೆರಡು ಮಂದಿಯ ತೀರ್ಪುಗಾರರ ಮಂಡಳಿ, ದೂರುದಾರನನ್ನು ನಂಬಿತು. ಮೊದಲ ಮೇಲ್ಮನವಿಯಲ್ಲಿ ಮೂವರ ಪೈಕಿ ಇಬ್ಬರು ನ್ಯಾಯಾಧೀಶರು ನಂಬಿದರು. ಕೊನೆಯ ಹಂತದ ಏಳು ನ್ಯಾಯಾಧೀಶರು ಜ್ಯೂರಿಯ ನಂಬಿಕೆಯನ್ನು ಪ್ರಶ್ನಿಸದೆ, ಅದನ್ನು ಹಾಗೆಯೇ ಇಟ್ಟುಕೊಂಡು, ಒಮ್ಮತದಿಂದ ಖುಲಾಸೆ ಮಾಡಿದರು. ಇದು ಹೇಗೆ ಸಾಧ್ಯ ಎಂಬುದೇ ಈ ಅಧ್ಯಯನದ ವಿಷಯ.

ಮೊದಲು ಸಂಗತಿಗಳು. ಪೆಲ್ 1996ರಲ್ಲಿ ಮೆಲ್ಬರ್ನಿನ ಕ್ಯಾಥೊಲಿಕ್ ಮಹಾಧರ್ಮಾಧ್ಯಕ್ಷರಾದರು. 2001ರಲ್ಲಿ ಸಿಡ್ನಿಗೆ ಹೋದರು, 2003ರಲ್ಲಿ ಕಾರ್ಡಿನಲ್ (ಪೋಪ್ ನಂತರದ ಉನ್ನತ ಪದವಿ) ಆದರು, 2014ರಲ್ಲಿ ವ್ಯಾಟಿಕನ್ನಿನ ಹಣಕಾಸು ಆಡಳಿತದ ಮುಖ್ಯಸ್ಥರಾದರು. 2015ರಲ್ಲಿ, ಮೂವತ್ತು ದಾಟಿದ್ದ ಒಬ್ಬರು ವಿಕ್ಟೋರಿಯ ರಾಜ್ಯದ ಪೊಲೀಸರಿಗೆ ದೂರು ಕೊಟ್ಟರು. ನ್ಯಾಯಾಲಯದ ದಾಖಲೆಗಳಲ್ಲಿ ಅವರ ಹೆಸರು ‘ಎ’ ಎಂದಷ್ಟೇ. ಎ ಹೇಳಿದ್ದರ ಸಾರ ಇಷ್ಟು: 1996ರ ಕೊನೆಯಲ್ಲಿ, ತನಗೆ 13 ವರ್ಷವಿದ್ದಾಗ, ತಾನು ಮತ್ತು ಇನ್ನೊಬ್ಬ ಬಾಲಕ ‘ಬಿ’ ಸೇಂಟ್ ಪ್ಯಾಟ್ರಿಕ್ ಪ್ರಧಾನಾಲಯದ (ಕ್ಯಾಥೆಡ್ರಲ್) ಗಾಯಕವೃಂದದಲ್ಲಿದ್ದೆವು, ಒಂದು ಭಾನುವಾರದ ಆಡಂಬರದ ಬಲಿಪೂಜೆ ಮುಗಿದು ಮೆರವಣಿಗೆ ಹೊರಗೆ ಸಾಗುತ್ತಿದ್ದಾಗ ಇಬ್ಬರೂ ಅದರಿಂದ ನುಣುಚಿಕೊಂಡು ಮರಳಿ ಒಳಗೆ ಬಂದು, ಗುರುಗಳು (ಪಾದ್ರಿಗಳು) ಪೂಜಾವಸ್ತ್ರ ಧರಿಸುವ ಕೋಣೆಯಲ್ಲಿ ಪೂಜೆಯ ದ್ರಾಕ್ಷಾರಸ ಕುಡಿಯುತ್ತಿದ್ದೆವು, ಆಗ ಪೆಲ್ ಒಬ್ಬರೇ, ಪೂಜಾವಸ್ತ್ರದಲ್ಲಿಯೇ ಬಂದು ನಮ್ಮಿಬ್ಬರ ಮೇಲೂ ಲೈಂಗಿಕ ದೌರ್ಜನ್ಯ ಎಸಗಿದರು. ಎಲ್ಲ ಸೇರಿ ಐದಾರು ನಿಮಿಷ. ಕೆಲವು ವಾರಗಳ ನಂತರ ಅದೇ ಕಟ್ಟಡದ ಓಣಿಯಲ್ಲಿ ಕ್ಷಣಮಾತ್ರ ನಡೆದ ಎರಡನೆಯ ಘಟನೆಯೊಂದನ್ನೂ ಅವರು ಹೇಳಿದರು. ಸಾಕ್ಷ್ಯದ ಆಧಾರದಿಂದ ಮೊದಲನೆಯದು 1996ರ ಡಿಸೆಂಬರ್ 15 ಅಥವಾ 22, ಎರಡನೆಯದು 1997ರ ಫೆಬ್ರವರಿ 23 ಎಂದು ಗುರುತಿಸಲಾಯಿತು. ಒಟ್ಟು ಐದು ಆರೋಪಗಳು.

ಬಿ ಸಾಕ್ಷಿ ಹೇಳಲು ಇರಲಿಲ್ಲ. ಅವರು 2014ರಲ್ಲಿ ತೀರಿಕೊಂಡಿದ್ದರು. 2001ರಲ್ಲಿ ತಾಯಿ ಒಮ್ಮೆ ಕೇಳಿದಾಗ ತನಗೆ ಯಾರೂ ಏನೂ ಮಾಡಿಲ್ಲ ಎಂದಿದ್ದರು. ಪ್ರತಿವಾದಿ ಪಕ್ಷ ಈ ನಿರಾಕರಣೆಯನ್ನು ಸಹಜವಾಗಿಯೇ ಎತ್ತಿ ಹಿಡಿಯಿತು. ನನ್ನ ದೃಷ್ಟಿಯಲ್ಲಿ ಅದರ ತೂಕ ಕಡಿಮೆ, ಏಕೆಂದರೆ ಹದಿಹರೆಯದ ಹುಡುಗನೊಬ್ಬ ಇಂಥ ಪ್ರಶ್ನೆಗೆ ತಾಯಿಯ ಎದುರು ‘ಇಲ್ಲ’ ಎನ್ನುವುದು, ನಡೆದಿದ್ದರೂ ನಡೆಯದಿದ್ದರೂ, ಅಚ್ಚರಿಯ ಸಂಗತಿಯಲ್ಲ. ಅಂತಿಮ ತೀರ್ಪೂ ಅದರ ಮೇಲೆ ನಿಂತಿಲ್ಲ. ದೂರು ತಡವಾದದ್ದರ ಬಗ್ಗೆಯೂ ಇದೇ ಮಾತು. 2013ರಿಂದ 2017ರವರೆಗೆ ಕೆಲಸ ಮಾಡಿದ ಆಸ್ಟ್ರೇಲಿಯದ ರಾಯಲ್ ಕಮಿಷನ್ ಎಂಬ ಸರ್ಕಾರಿ ತನಿಖಾ ಆಯೋಗ, ಸಂಸ್ಥೆಗಳಲ್ಲಿ ದೌರ್ಜನ್ಯಕ್ಕೊಳಗಾಗಿ ತನ್ನ ಮುಂದೆ ಬಂದವರು ಅದನ್ನು ಮೊದಲ ಸಲ ಹೇಳಿಕೊಳ್ಳಲು ಸರಾಸರಿ 23.9 ವರ್ಷ ತೆಗೆದುಕೊಂಡಿದ್ದರೆಂದು ದಾಖಲಿಸಿದೆ. ಆ ಲೆಕ್ಕದಲ್ಲಿ ಎ ತಡ ಮಾಡಿದರೆಂದೇ ಹೇಳಲಾಗದು. ಆದರೆ ತಡವಾದ ದೂರಿನಿಂದ ಇನ್ನೊಂದು ಪರಿಣಾಮ ಉಂಟು: ಸುತ್ತಮುತ್ತ ಇದ್ದವರ ನೆನಪುಗಳು ಮಸುಕಾಗಿರುತ್ತವೆ, ಆ ನಿರ್ದಿಷ್ಟ ಭಾನುವಾರ ಏನಾಯಿತು ಎಂಬುದು ಹೋಗಿ ‘ಸಾಮಾನ್ಯವಾಗಿ ಏನು ನಡೆಯುತ್ತಿತ್ತು’ ಎಂಬುದಷ್ಟೇ ಉಳಿದಿರುತ್ತದೆ. ಈ ಪ್ರಕರಣದ ಗತಿಯನ್ನು ನಿರ್ಧರಿಸಿದ್ದು ಅದೇ.

2018ರಲ್ಲಿ ನಡೆದ ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. ಎರಡನೆಯ ಜ್ಯೂರಿ ಆ ವರ್ಷದ ಡಿಸೆಂಬರ್ 11ರಂದು ಐದೂ ಆರೋಪಗಳಲ್ಲಿ ದೋಷಿ ಎಂದಿತು. 2019ರ ಮಾರ್ಚ್ 13ರಂದು ನ್ಯಾಯಾಧೀಶ ಪೀಟರ್ ಕಿಡ್ ಆರು ವರ್ಷಗಳ ಸೆರೆವಾಸ ವಿಧಿಸಿದರು. ಪೆರೋಲ್ ಕೇಳುವ ಮೊದಲು ಕನಿಷ್ಠ ಮೂರು ವರ್ಷ ಎಂಟು ತಿಂಗಳು ಒಳಗಿರಬೇಕಿತ್ತು. ಪೆಲ್ ಸಾಕ್ಷಿಕಟ್ಟೆ ಹತ್ತಲಿಲ್ಲ. 2016ರಲ್ಲಿ ರೋಮಿನಲ್ಲಿ ಪೊಲೀಸರ ಎದುರು ಅವರು ಎಲ್ಲವನ್ನೂ ನಿರಾಕರಿಸಿದ ಧ್ವನಿಚಿತ್ರವನ್ನು ಜ್ಯೂರಿಗೆ ತೋರಿಸಲಾಯಿತು.

ಮೇಲ್ಮನವಿಯನ್ನು ಅರ್ಥಮಾಡಿಕೊಳ್ಳಲು ವಿಚಾರಣೆಯ ಎರಡು ವಿವರಗಳನ್ನು ಗಮನಿಸಬೇಕು. ಮೊದಲನೆಯದು, ಎ ಅವರ ಸಾಕ್ಷ್ಯ ಮೊದಲ ವಿಚಾರಣೆಯಲ್ಲಿ ದೂರದ ಕೋಣೆಯೊಂದರಿಂದ ವಿಡಿಯೊ ಮೂಲಕ ನಡೆದಿತ್ತು. ಎರಡನೆಯ ಜ್ಯೂರಿಗೆ ತೋರಿಸಿದ್ದು ಅದೇ ಧ್ವನಿಚಿತ್ರವನ್ನು. ಸಂತ್ರಸ್ತರು ಮತ್ತೆ ಮತ್ತೆ ಪಾಟೀಸವಾಲಿಗೆ ಒಳಗಾಗಬಾರದೆಂಬ ಒಳ್ಳೆಯ ಉದ್ದೇಶದ ವ್ಯವಸ್ಥೆ ಅದು. ಅಂದರೆ ಶಿಕ್ಷೆ ಕೊಟ್ಟ ಜ್ಯೂರಿ ಸಾಕ್ಷಿಯನ್ನು ನೋಡಿದ್ದು ಪರದೆಯ ಮೇಲೆ. ಎರಡನೆಯದು, ಪ್ರಧಾನಾಲಯದ ಅಂದಿನ ನಡಾವಳಿಯನ್ನು ವಿವರಿಸಲು ಅಭಿಯೋಜನೆಯೇ (ಆರೋಪ ಸಾಬೀತುಪಡಿಸಬೇಕಾದ ಸರ್ಕಾರಿ ಪಕ್ಷ) ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕರೆಸಿತು: ವಿಧಿಗಳ ಮೇಲ್ವಿಚಾರಕ ಗುರು, ಪೂಜಾಸಾಮಗ್ರಿಯ ಉಸ್ತುವಾರಿ, ಪೀಠಸೇವಕರು (ಪೂಜೆಯಲ್ಲಿ ಗುರುಗಳಿಗೆ ನೆರವಾಗುವವರು), ಗಾಯಕವೃಂದದವರು. ಇವರಾರೂ ಸುಳ್ಳು ಹೇಳುತ್ತಿದ್ದಾರೆಂದು ಅಭಿಯೋಜನೆ ವಾದಿಸಲಿಲ್ಲ.

ಇವರು ಹೇಳಿದ್ದು ಮೂರು ಮಾತು. ಬಲಿಪೂಜೆಯ ನಂತರ ಪೆಲ್ ಮುಖ್ಯ ಬಾಗಿಲಿನ ಮೆಟ್ಟಿಲ ಮೇಲೆ ನಿಂತು ಭಕ್ತರನ್ನು ಮಾತನಾಡಿಸುತ್ತಿದ್ದರು, ಹಲವು ಸಲ ಹತ್ತು ನಿಮಿಷ ಅಥವಾ ಹೆಚ್ಚು. ಪೂಜಾವಸ್ತ್ರದಲ್ಲಿರುವ ಮಹಾಧರ್ಮಾಧ್ಯಕ್ಷರ ಜೊತೆ ಯಾವಾಗಲೂ ಒಬ್ಬರು ಇರಬೇಕೆಂಬುದು ಚರ್ಚಿನ ಹಳೆಯ ಸಂಪ್ರದಾಯ, ಅದರಂತೆ ಮೇಲ್ವಿಚಾರಕ ಗುರು ಅವರ ಬೆನ್ನಿಗೇ ಇರುತ್ತಿದ್ದರು. ಮೂರನೆಯದಾಗಿ, ಪೂಜೆ ಮುಗಿದ ಮೇಲೆ ಆ ಕೋಣೆಯಲ್ಲಿ ಹತ್ತು ಹದಿನೈದು ನಿಮಿಷ ಜನರ ಓಡಾಟ ನಿಲ್ಲುತ್ತಿರಲಿಲ್ಲ. ಪೀಠಸೇವಕರು ಶಿಲುಬೆಗೆ ನಮಿಸಲು ಬರುತ್ತಿದ್ದರು, ಪಾತ್ರೆಗಳನ್ನೂ ಗ್ರಂಥಗಳನ್ನೂ ತಂದಿಡುತ್ತಿದ್ದರು. ಮೂರರಲ್ಲಿ ಯಾವ ಒಂದು ನಿಜವಾಗಿದ್ದರೂ ಎ ಹೇಳಿದ ರೀತಿಯಲ್ಲಿ ಘಟನೆ ನಡೆಯುವುದು ಕಷ್ಟ.

ಹಾಗಾದರೆ ಬಿಡುವು ಎಲ್ಲಿ? ಉಸ್ತುವಾರಿಯವರ ಮಾತಿನಲ್ಲಿ ಒಂದು ಸಂದು ಇತ್ತು: ಪೂಜೆ ಮುಗಿದೊಡನೆ ಪೀಠವನ್ನು ತೆರವು ಮಾಡಲು ಹೋಗದೆ, ಕುಳಿತು ಪ್ರಾರ್ಥಿಸುವವರಿಗೆ ತೊಂದರೆಯಾಗದಿರಲೆಂದು ತಾವು ಐದಾರು ನಿಮಿಷ ಕಾಯುತ್ತಿದ್ದೆವು ಎಂದಿದ್ದರು. ಎ ಹೇಳಿದ ಅವಧಿಯೂ ಐದಾರು ನಿಮಿಷ. ಅಭಿಯೋಜನೆಯ ವಾದ ಈ ಸಂದಿನಲ್ಲಿ ನೆಲೆ ಕಂಡುಕೊಂಡಿತು, ಮೊದಲ ಮೇಲ್ಮನವಿಯ ಬಹುಮತವೂ ಅದನ್ನು ಒಪ್ಪಿತು.

ವಿಕ್ಟೋರಿಯದ ಮೇಲ್ಮನವಿ ನ್ಯಾಯಾಲಯ 2019ರ ಆಗಸ್ಟ್ 21ರಂದು ತೀರ್ಪು ಕೊಟ್ಟಿತು, ಮುನ್ನೂರಕ್ಕೂ ಹೆಚ್ಚು ಪುಟಗಳಲ್ಲಿ. ಮುಖ್ಯ ನ್ಯಾಯಾಧೀಶೆ ಆ್ಯನ್ ಫರ್ಗ್ಯುಸನ್ ಮತ್ತು ಆ ನ್ಯಾಯಾಲಯದ ಅಧ್ಯಕ್ಷ ಕ್ರಿಸ್ ಮ್ಯಾಕ್ಸ್‌ವೆಲ್ ಸೇರಿ ಮೇಲ್ಮನವಿ ವಜಾ ಮಾಡಿದರು. ಕ್ರಿಮಿನಲ್ ಕಾನೂನಿನಲ್ಲಿ ದೀರ್ಘ ಅನುಭವವಿದ್ದ ಮಾರ್ಕ್ ವೈನ್‌ಬರ್ಗ್ ಭಿನ್ನ ತೀರ್ಪು ಬರೆದರು. ಬಹುಮತದ ಇಬ್ಬರೂ ಎ ಅವರ ಧ್ವನಿಚಿತ್ರವನ್ನು ತಾವೇ ನೋಡಿದ್ದರು. ಆತ ಉತ್ಪ್ರೇಕ್ಷೆ ಮಾಡುತ್ತಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳುತ್ತಾರೆ, ಸತ್ಯ ಹೇಳುವವರ ಹಾಗೆ ಕಾಣುತ್ತಾರೆ ಎಂಬ ಅಭಿಪ್ರಾಯಕ್ಕೆ ಬಂದರು. ಮರದ ಹಲಗೆ ಹೊದಿಸಿದ ಆ ಕೋಣೆಯ ಒಳಾಂಗಣ ಎ ಅವರಿಗೆ ತಿಳಿದಿದ್ದದ್ದೂ, ಮಹಾಧರ್ಮಾಧ್ಯಕ್ಷರ ಸ್ವಂತ ಕೋಣೆ ಆ ದಿನಗಳಲ್ಲಿ ಬಳಕೆಯಲ್ಲಿಲ್ಲದೆ ಪೆಲ್ ಗುರುಗಳ ಕೋಣೆಯನ್ನೇ ಬಳಸುತ್ತಿದ್ದದ್ದೂ ಅವರ ಮಾತಿಗೆ ಬಲ ಕೊಟ್ಟವು. ನಂತರ ಪ್ರತಿವಾದಿ ಪಕ್ಷ ‘ಗಟ್ಟಿ ಅಡ್ಡಿಗಳು’ ಎಂದು ಹೆಸರಿಟ್ಟಿದ್ದ ಹದಿಮೂರು ಅಂಶಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದರ ವಿಷಯದಲ್ಲೂ ‘ಇದ್ದರೂ ಘಟನೆ ನಡೆದಿರಲು ಸಾಧ್ಯವಿತ್ತು’ ಎಂದು ತೀರ್ಮಾನಿಸಿದರು.

ಈ ವಿಧಾನದ ತೊಡಕು ಮೊದಲ ಓದಿಗೆ ಕಾಣುವುದಿಲ್ಲ. ನನಗೂ ಎರಡನೆಯ ಓದಿನಲ್ಲಿಯೇ ಕಂಡದ್ದು. ಸಾಕ್ಷಿಯನ್ನು ಮೊದಲು ಪೂರ್ಣವಾಗಿ ನಂಬಿ, ಆ ಮೇಲೆ ವಿರುದ್ಧ ಸಾಕ್ಷ್ಯದ ಬಳಿಗೆ ಹೋದರೆ, ‘ಇದು ಅವರ ಮಾತನ್ನು ಅಸಾಧ್ಯವಾಗಿಸುತ್ತದೆಯೇ’ ಎಂದು ಕೇಳುವ ಸ್ಥಿತಿ ತಾನಾಗಿ ಬಂದುಬಿಡುತ್ತದೆ. ಅಸಾಧ್ಯವೆಂದು ತೋರಿಸುವ ಹೊಣೆ ಆರೋಪಿಯ ಮೇಲೆ ಬೀಳುತ್ತದೆ. ಆದರೆ ಆರೋಪಿ ಏನನ್ನೂ ಅಸಾಧ್ಯವೆಂದು ರುಜುವಾತುಪಡಿಸಬೇಕಿಲ್ಲ. ಕೃತ್ಯ ನಡೆಯದಿರುವ ಸಮಂಜಸ ಸಾಧ್ಯತೆಯನ್ನು ಅಭಿಯೋಜನೆ ಅಳಿಸಿಹಾಕಬೇಕು. ‘ನಡೆದಿರಬಹುದಿತ್ತೇ’ ಎಂಬುದಕ್ಕೂ ‘ನಡೆಯದಿರಬಹುದಾದ ಸಂಶಯ ಉಳಿಯಿತೇ’ ಎಂಬುದಕ್ಕೂ ಉತ್ತರ ಒಂದೇ ಸಮಯದಲ್ಲಿ ‘ಹೌದು’ ಆಗಬಲ್ಲದು, ಮತ್ತು ಕ್ರಿಮಿನಲ್ ನ್ಯಾಯಾಲಯಕ್ಕೆ ಬೇಕಾದದ್ದು ಎರಡನೆಯ ಪ್ರಶ್ನೆ.

ಹೈಕೋರ್ಟ್ ಹಿಡಿದದ್ದು ಇದನ್ನೇ. (ಹೆಸರು ಹೈಕೋರ್ಟ್ ಆದರೂ ಸ್ಥಾನದಲ್ಲಿ ಅದು ನಮ್ಮ ಸುಪ್ರೀಂ ಕೋರ್ಟಿಗೆ ಸಮ.) 2020ರ ಮಾರ್ಚ್ 11 ಮತ್ತು 12ರಂದು ಕ್ಯಾನ್‌ಬೆರಾದಲ್ಲಿ ವಾದ ಆಲಿಸಿ, ಏಪ್ರಿಲ್ 7ರಂದು ಬ್ರಿಸ್ಬೇನಿನಲ್ಲಿ ಮುಖ್ಯ ನ್ಯಾಯಾಧೀಶೆ ಸೂಸನ್ ಕೀಫೆಲ್ ನೇತೃತ್ವದ ಏಳು ಮಂದಿಯ ಪೀಠದ ಒಮ್ಮತದ ತೀರ್ಪನ್ನು ಪ್ರಕಟಿಸಿತು. ಅದರ ಪ್ರಕಾರ ಮೇಲ್ಮನವಿ ನ್ಯಾಯಾಲಯದ ಕೆಲಸ ಹೀಗಿರಬೇಕು: ಜ್ಯೂರಿ ದೂರುದಾರನನ್ನು ವಿಶ್ವಾಸಾರ್ಹನೆಂದು ಕಂಡಿತು ಎಂದೇ ಇಟ್ಟುಕೊಳ್ಳಬೇಕು, ಆ ಬಳಿಕ ದಾಖಲೆಯನ್ನು ಪರಿಶೀಲಿಸಿ, ಸಾಕ್ಷ್ಯದೊಳಗಿನ ಅಸಂಗತಿ ಅಥವಾ ಕೊರತೆಯಿಂದಾಗಲೀ ಬೇರೆ ಸಾಕ್ಷ್ಯದ ಬೆಳಕಿನಲ್ಲಾಗಲೀ, ಆ ನಂಬಿಕೆಯ ಹೊರತಾಗಿಯೂ ವಿವೇಕದಿಂದ ನಡೆಯುವ ಜ್ಯೂರಿಗೆ ಸಂಶಯ ಉಳಿಯಲೇಬೇಕಿತ್ತೇ ಎಂದು ನೋಡಬೇಕು. ಸಾಕ್ಷಿಯ ಮುಖ ನೋಡಿ, ದನಿ ಕೇಳಿ ಆತನನ್ನು ಅಳೆಯುವುದು ಸಮುದಾಯದ ಪ್ರತಿನಿಧಿಯಾದ ಜ್ಯೂರಿಯ ಕೆಲಸ. ಮೇಲಿನ ನ್ಯಾಯಾಧೀಶರು ಸಾಮಾನ್ಯವಾಗಿ ಅದನ್ನು ಮರುಮಾಡಬಾರದು. ಧ್ವನಿಚಿತ್ರ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ನೋಡುವುದು ಸರಿಯಲ್ಲ, ನೋಡಲು ವಿಶೇಷ ಕಾರಣ ಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಜ್ಯೂರಿಯೂ ಪರದೆಯ ಮೇಲೆಯೇ ನೋಡಿದ್ದಾದರೆ, ಅದೇ ಚಿತ್ರವನ್ನು ನೋಡಿದ ನ್ಯಾಯಾಧೀಶರಿಗಿಂತ ಅವರ ಅನುಕೂಲ ಹೆಚ್ಚೇನು? ಕಣ್ಣಿಗೆ ಬಿದ್ದದ್ದು ಒಂದೇ. ತೀರ್ಪಿನ ಉತ್ತರ ತಂತ್ರಜ್ಞಾನವನ್ನು ಅವಲಂಬಿಸಿಲ್ಲ, ಯಾರ ಕೆಲಸ ಯಾವುದು ಎಂಬ ಹಂಚಿಕೆಯನ್ನು ಅವಲಂಬಿಸಿದೆ. ಹನ್ನೆರಡು ಮಂದಿ ಸಾಮಾನ್ಯ ಜನ ಇಡೀ ವಿಚಾರಣೆಯ ನಡುವೆ ಕುಳಿತು ನೋಡಿದ್ದಕ್ಕೂ, ಕಡತದಿಂದ ಒಂದು ಭಾಗವನ್ನಷ್ಟೇ ಹೊರತೆಗೆದು ನ್ಯಾಯಾಧೀಶರು ನೋಡಿದ್ದಕ್ಕೂ ವ್ಯತ್ಯಾಸವಿದೆ ಎಂಬುದು ಒಪ್ಪುವಂಥದ್ದೇ. ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ಇನ್ನೊಂದು ಕಾಣುತ್ತದೆ: ಮನಮುಟ್ಟುವ ಸಾಕ್ಷಿಯನ್ನು ಕಣ್ಣಾರೆ ಕಂಡವರಿಗೆ ಉಳಿದ ದಾಖಲೆಯೆಲ್ಲ ಆ ಮುಖದ ಹಿಂದೆ ಸರಿಯುತ್ತದೆ. ಮನುಷ್ಯ ಸಹಜವಾದ ಈ ಜಾರುವಿಕೆಯಿಂದ ಹುದ್ದೆಯಾಗಲೀ ಅನುಭವವಾಗಲೀ ಯಾರನ್ನೂ ಕಾಯುವುದಿಲ್ಲ.

ನಂತರ ಹೈಕೋರ್ಟ್ ಆ ಐದಾರು ನಿಮಿಷಗಳ ಲೆಕ್ಕಕ್ಕೆ ಕೈಹಾಕಿತು. ಉಸ್ತುವಾರಿಯವರ ಕಾಯುವ ಅವಧಿ ಪೂಜೆ ಮುಗಿದೊಡನೆ ಆರಂಭವಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಬಾಲಕರು ಮೆರವಣಿಗೆಯಲ್ಲಿದ್ದಾರೆ. ಮೆರವಣಿಗೆ ನಡುದಾರಿಯಲ್ಲಿ ಸಾಗಿ ಮುಖ್ಯ ಬಾಗಿಲಿನಿಂದ ಹೊರಬಿದ್ದು ಕಟ್ಟಡದ ಪಕ್ಕದಿಂದ ಸುತ್ತಿಬರಬೇಕು. ಬಾಲಕರು ಅದರಿಂದ ತಪ್ಪಿಸಿಕೊಂಡು, ಪಕ್ಕದ ಬಾಗಿಲಿನಿಂದ ಒಳಬಂದು, ಕೋಣೆಯನ್ನು ತಲುಪಿ, ದ್ರಾಕ್ಷಾರಸ ಹುಡುಕಿ ಕುಡಿಯಲಾರಂಭಿಸುವ ಹೊತ್ತಿಗೆ ಆ ಬಿಡುವು ಬಹುಪಾಲು ಮುಗಿದು, ಓಡಾಟದ ಹತ್ತು ಹದಿನೈದು ನಿಮಿಷ ಶುರುವಾಗಿರುವ ಸಂಭವವೇ ಹೆಚ್ಚು. ಅಷ್ಟೇ ಅಲ್ಲ, ಅದೇ ನಿಮಿಷಗಳಲ್ಲಿ ಪೆಲ್ ಮೆಟ್ಟಿಲ ಮೇಲೆ ನಿಲ್ಲದೆ ಬಂದಿರಬೇಕು, ಜೊತೆಗಾರನಿಲ್ಲದೆ ಬಂದಿರಬೇಕು, ಪೀಠಸೇವಕರಾರೂ ಒಳಗೆ ಕಾಲಿಟ್ಟಿರಬಾರದು. ಪ್ರತಿಯೊಂದನ್ನೂ ಬಿಡಿಯಾಗಿ ನೋಡಿದರೆ ಆಗಿರಬಹುದು ಎನ್ನಿಸುತ್ತದೆ. ಎಲ್ಲವೂ ಒಂದೇ ಭಾನುವಾರ ಒಂದೇ ಗಳಿಗೆಯಲ್ಲಿ ಕೂಡಿಬಂದಿರಬೇಕು ಎಂದಾಗ ಅಸಂಭವದ ಮೇಲೆ ಅಸಂಭವ ಪೇರುತ್ತದೆ. ಮೇಲ್ಮನವಿ ನ್ಯಾಯಾಲಯದ ಬಹುಮತ ಹದಿಮೂರು ಅಡ್ಡಿಗಳನ್ನು ಬಿಡಿಸಿ ಬಿಡಿಸಿ ನೋಡಿದ್ದರಿಂದ ಈ ಕೂಡುಲೆಕ್ಕ ಅವರ ಕೈತಪ್ಪಿತು. ಎರಡನೆಯ ಘಟನೆಯ ಆರೋಪವೂ ಬಹುಮಟ್ಟಿಗೆ ಇದೇ ಕಾರಣಕ್ಕೆ ಬಿದ್ದುಹೋಯಿತು.

ಸಾಕ್ಷ್ಯ ಬೇಕಾದ ಮಟ್ಟಕ್ಕೆ ಅಪರಾಧವನ್ನು ಸ್ಥಾಪಿಸದ ಕಾರಣ ನಿರಪರಾಧಿಯೊಬ್ಬರಿಗೆ ಶಿಕ್ಷೆಯಾಗಿರುವ ಗಣನೀಯ ಸಾಧ್ಯತೆ ಇದೆ ಎಂಬುದು ಹೈಕೋರ್ಟಿನ ತೀರ್ಮಾನ. ಈ ಮಾತಿನ ಮೂಲ 1984ರ ಚೇಂಬರ್ಲೇನ್ ಪ್ರಕರಣದಲ್ಲಿದೆ. ಕೂಸನ್ನು ಡಿಂಗೊ ಎಂಬ ಕಾಡುನಾಯಿ ಒಯ್ದಿತೆಂದ ತಾಯಿಯನ್ನು ನಂಬದೆ, ಅವಳೇ ಕೊಂದಳೆಂದು ಜ್ಯೂರಿ ತೀರ್ಮಾನಿಸಿದ್ದ ಪ್ರಕರಣ ಅದು. ಆಗ ಹೈಕೋರ್ಟ್ ಬಹುಮತದಿಂದ ಶಿಕ್ಷೆಯನ್ನು ಎತ್ತಿಹಿಡಿದಿತ್ತು, 1988ರಲ್ಲಿ ಆ ಶಿಕ್ಷೆ ರದ್ದಾಯಿತು. ಜ್ಯೂರಿಯ ಮಾತೇ ಕೊನೆಯದು ಎನ್ನುವವರ ಎದುರು ಆಸ್ಟ್ರೇಲಿಯದ ವಕೀಲರು ಇಂದಿಗೂ ಎತ್ತಿ ತೋರಿಸುವ ಉದಾಹರಣೆ.

ತೀರ್ಪನ್ನು ಒಪ್ಪುತ್ತಲೇ ಒಂದು ಅಸಮಾಧಾನವನ್ನು ದಾಖಲಿಸಬೇಕೆನಿಸುತ್ತದೆ. ಮೆಟ್ಟಿಲ ಮೇಲೆ ನಿಲ್ಲುವುದು, ಜೊತೆಗಾರ ಇರುವುದು, ಇವೆಲ್ಲ ರೂಢಿಯ ಸಾಕ್ಷ್ಯ. ರೂಢಿಯೆಂದರೆ ಬಹುತೇಕ ದಿನ ನಡೆಯುವುದು. ಪೆಲ್ ಮಹಾಧರ್ಮಾಧ್ಯಕ್ಷರಾಗಿ ಆಗಿನ್ನೂ ಕೆಲವೇ ತಿಂಗಳಾಗಿದ್ದವು. ಆ ಪ್ರಧಾನಾಲಯದಲ್ಲಿ ಅವರ ರೂಢಿ ಅಷ್ಟರಲ್ಲೇ ಗಟ್ಟಿಯಾಗಿತ್ತೇ ಎಂಬುದು ಕೇಳಬಹುದಾದ ಪ್ರಶ್ನೆ. ಮೇಲ್ವಿಚಾರಕ ಗುರು ಡಿಸೆಂಬರಿನ ಆ ಎರಡು ಭಾನುವಾರ ತಾವು ಮೆಟ್ಟಿಲ ಮೇಲೆ ಪೆಲ್ ಜೊತೆಗಿದ್ದ ನಿರ್ದಿಷ್ಟ ನೆನಪು ಇದೆ ಎಂದಿದ್ದರು. ಇಪ್ಪತ್ತು ವರ್ಷ ಹಿಂದಿನ ಅಂಥ ನೆನಪಿಗೆ ಕೊಟ್ಟ ಮನ್ನಣೆಯನ್ನೂ, ಎ ಅವರ ನೆನಪಿನ ಮೇಲೆ ನಡೆದ ತಪಾಸಣೆಯನ್ನೂ ಅಕ್ಕಪಕ್ಕ ಇಟ್ಟರೆ ತಕ್ಕಡಿ ಸಮವಾಗಿ ಕಾಣುವುದಿಲ್ಲ. ಆದರೆ ತಕ್ಕಡಿ ಸಮವಾಗಿರಬೇಕೆಂದು ಕ್ರಿಮಿನಲ್ ಕಾನೂನು ಹೇಳುವುದೂ ಇಲ್ಲ. ಸಂಶಯ ಹುಟ್ಟಿಸಲು ಬೇಕಾದ ಸಾಕ್ಷ್ಯಕ್ಕೂ ಸಂಶಯ ಅಳಿಸಲು ಬೇಕಾದ ಸಾಕ್ಷ್ಯಕ್ಕೂ ಮಟ್ಟ ಬೇರೆ ಬೇರೆ. ಆ ಸಾಕ್ಷಿಗಳ ಪ್ರಾಮಾಣಿಕತೆಯನ್ನು ಅಭಿಯೋಜನೆ ಪ್ರಶ್ನಿಸದೆ ಬಿಟ್ಟ ಮೇಲೆ, ಅವರ ಮಾತು ಹುಟ್ಟಿಸಿದ ಸಂಶಯವನ್ನು ತಳ್ಳಿಹಾಕಲು ದಾರಿಯೇ ಉಳಿದಿರಲಿಲ್ಲ.

ನಮ್ಮ ನ್ಯಾಯಾಲಯಗಳಲ್ಲಿ ಈ ಪ್ರಶ್ನೆಯ ರೂಪ ಸ್ವಲ್ಪ ಬೇರೆ. ಇಲ್ಲಿ ಜ್ಯೂರಿ ಇಲ್ಲ. ಹೈಕೋರ್ಟ್ ಇಡೀ ಸಾಕ್ಷ್ಯವನ್ನು ಮರುತುಲನೆ ಮಾಡಬಲ್ಲದು. ಕೆಳಗಿನ ನ್ಯಾಯಾಧೀಶರು ಕಾರಣಗಳನ್ನು ಬರೆದಿರುತ್ತಾರೆ. ಸಂತ್ರಸ್ತರ ಮಾತೊಂದೇ ವಿಶ್ವಾಸ ಹುಟ್ಟಿಸುವಂತಿದ್ದರೆ ಪೂರಕ ಸಾಕ್ಷ್ಯವಿಲ್ಲದೆಯೂ ಶಿಕ್ಷೆ ಕೊಡಬಹುದೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಖಚಿತವಾಗಿ ಹೇಳಿತು; ಅಂಥ ಮಾತು ಅಪ್ಪಟವಾಗಿರಬೇಕು, ಮೊದಲ ಹೇಳಿಕೆಯಿಂದ ಕೊನೆಯ ಪಾಟೀಸವಾಲಿನವರೆಗೆ ಮುಖ್ಯ ವಿಷಯದಲ್ಲಿ ಅಲುಗಬಾರದು, ಉಳಿದ ಸಾಕ್ಷ್ಯಕ್ಕೆ ಹೊಂದಬೇಕು ಎಂದು 2012ರಲ್ಲಿ ಹೇಳಿತು. ಈ ಕೊನೆಯ ಷರತ್ತನ್ನು ವಾದಪತ್ರಗಳಲ್ಲಿ ಬಹಳ ಸಲ ಬಿಟ್ಟುಬಿಡುತ್ತಾರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 29ನೇ ಕಲಮಿನ ಅಡಿ ಆರೋಪಿಯೇ ಅಪರಾಧ ಎಸಗಿದ್ದಾನೆಂದು ನ್ಯಾಯಾಲಯ ಭಾವಿಸಬೇಕಾಗುತ್ತದೆ ಎಂಬುದು ನಿಜ. ಆದರೆ ಮೂಲ ಸಂಗತಿಗಳನ್ನು ಅಭಿಯೋಜನೆ ಮೊದಲು ಸ್ಥಾಪಿಸಬೇಕು ಎಂದು ಹೈಕೋರ್ಟುಗಳು ಮತ್ತೆ ಮತ್ತೆ ಹೇಳಿವೆ.

ಪೆಲ್ ಪ್ರಕರಣಕ್ಕೆ ಕನ್ನಡಿ ಹಿಡಿದಂತೆ ತಿರುಗುಮುರುಗಾದ ಒಂದು ಪ್ರಕರಣ ನಮ್ಮಲ್ಲೇ ಇದೆ. ರಾಜಸ್ಥಾನದಲ್ಲಿ 1986ರಲ್ಲಿ ಅತ್ಯಾಚಾರಕ್ಕೊಳಗಾದ ಪುಟ್ಟ ಬಾಲಕಿ ಸಾಕ್ಷಿಕಟ್ಟೆಯಲ್ಲಿ ಘಟನೆಯ ಬಗ್ಗೆ ಕೇಳಿದಾಗ ಒಂದು ಮಾತೂ ಆಡಲಿಲ್ಲ, ಮತ್ತೆ ಕೇಳಿದಾಗ ಮೌನವಾಗಿ ಕಣ್ಣೀರು ಸುರಿಸಿದಳು. ವಿಚಾರಣಾ ನ್ಯಾಯಾಧೀಶರು ಅದನ್ನು ಹಾಗೆಯೇ ದಾಖಲಿಸಿ, ಉಳಿದ ಸಾಕ್ಷ್ಯದ ಆಧಾರದಿಂದ 1987ರಲ್ಲಿ ಶಿಕ್ಷೆ ಕೊಟ್ಟರು. 2013ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್, ಮಗುವಿನ ಆ ಮೌನವನ್ನು ಆರೋಪಿಯ ಪರವಾಗಿ ಓದಲಾಗದು, ವೈದ್ಯಕೀಯ ಮತ್ತು ಸಾಂದರ್ಭಿಕ ಸಾಕ್ಷ್ಯ ಸಾಕಷ್ಟಿದೆ ಎಂದು ಶಿಕ್ಷೆಯನ್ನು ಮರುಸ್ಥಾಪಿಸಿತು. ಅಲ್ಲಿ ಸಂತ್ರಸ್ತೆಯ ಮಾತೇ ಇರಲಿಲ್ಲ, ಶಿಕ್ಷೆ ನಿಂತಿತು. ಮೆಲ್ಬರ್ನಿನಲ್ಲಿ ಜ್ಯೂರಿ ನಂಬಿದ ಮಾತಿತ್ತು, ಶಿಕ್ಷೆ ಉಳಿಯಲಿಲ್ಲ. ಎರಡರಲ್ಲಿಯೂ ನಿರ್ಧರಿಸಿದ್ದು ಸುತ್ತಲಿನ ದಾಖಲೆ.

ಆಸ್ಟ್ರೇಲಿಯದ ಹೈಕೋರ್ಟಿನ ತೀರ್ಪು ಬಂದ ದಿನವೇ ಪೆಲ್ ಬಾರ್ವನ್ ಸೆರೆಮನೆಯಿಂದ ಹೊರಬಂದರು. ಅಷ್ಟರಲ್ಲಿ ಹದಿಮೂರು ತಿಂಗಳು ಒಳಗಿದ್ದರು. 2023ರ ಜನವರಿಯಲ್ಲಿ ರೋಮಿನಲ್ಲಿ ತೀರಿಕೊಂಡರು. ಎ ಸುಳ್ಳು ಹೇಳಿದರೆಂದು ಹೈಕೋರ್ಟ್ ಎಲ್ಲಿಯೂ ಹೇಳಿಲ್ಲ; ಆದರೂ ಅಂದಿನಿಂದ ಆ ಅರ್ಥದಲ್ಲಿ ತೀರ್ಪನ್ನು ಉದ್ಧರಿಸುವವರಿಗೆ ಕೊರತೆಯಿಲ್ಲ. ತೀರ್ಪಿನ ಮರುದಿನ ಎ ತಮ್ಮ ವಕೀಲರ ಮೂಲಕ ಹೇಳಿಕೆ ಕೊಟ್ಟರು. ನ್ಯಾಯಾಲಯದ ನಿರ್ಧಾರವನ್ನು ಗೌರವಿಸುತ್ತೇನೆ, ಇಂಥ ಪ್ರಕರಣಗಳಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಕ್ರಿಮಿನಲ್ ನ್ಯಾಯಾಲಯವನ್ನು ಒಪ್ಪಿಸುವುದು ಕಷ್ಟ ಎಂದು ಅರ್ಥಮಾಡಿಕೊಂಡಿದ್ದೇನೆ, ಆದರೆ ಇದನ್ನು ಕಂಡು ಜನ ಪೊಲೀಸರ ಬಳಿಗೆ ಹೋಗಲು ಹಿಂಜರಿಯುವಂತಾಗಬಾರದು ಎಂಬುದು ಅದರ ತಿರುಳು. ವಿಕ್ಟೋರಿಯದ ಕಾನೂನು ಅವರ ಗುರುತನ್ನು ಕಾಪಾಡಿದೆ. ಕಾನೂನು ವರದಿಗಳಲ್ಲಿ ಅವರು ಈಗಲೂ ‘ಎ’.